ಮುಚ್ಚಿಟ್ಟ ಬದುಕು, ಬಿಚ್ಚಿಟ್ಟ ಮಾತು

ಮಾನ್ಯ ಸಂಪಾದಕರೇ,

ಮಕ್ಕಳ ಮನಸ್ಸಿನ ಬಗ್ಗೆ ಮಾತು ಬಂದಾಗಲೆಲ್ಲ ನಮ್ಮ ವೃತ್ತಿಯವರ ಸಭೆ, ತರಬೇತಿಗಳಲ್ಲಿ ಸ್ವಿಟ್ಜರ್ಲೆಂಡಿನ ಮನೋಚಿಕಿತ್ಸಕಿ ಹಾಗೂ ಲೇಖಕಿ ಆಲಿಸ್ ಮಿಲ್ಲರ್ ಅವರ ಹೆಸರು ಎರಡು ಬಗೆಯಲ್ಲಿ ಕೇಳಿಬರುತ್ತದೆ. ಕೆಲವರಿಗೆ ಅವರು ಮಕ್ಕಳ ಪರವಾಗಿ ಮಾತಾಡಲು ಅವತರಿಸಿದ ಋಷಿ. ಇನ್ನು ಕೆಲವರಿಗೆ, ಹೆತ್ತ ಮಗನನ್ನೇ ಸರಿಯಾಗಿ ಸಾಕಲಾರದೆ ಊರಿಗೆಲ್ಲ ಬುದ್ಧಿ ಹೇಳಿದ ಹೆಂಗಸು. ಎರಡನೆಯ ಗುಂಪಿನವರು 2013ರಲ್ಲಿ ಅವರ ಮಗ ಮಾರ್ಟಿನ್ ಮಿಲ್ಲರ್ ಬರೆದ ಪುಸ್ತಕವನ್ನು ಮುಂದಿಟ್ಟು, ತಾಯಿಯ ಪುಸ್ತಕಗಳನ್ನು ಇನ್ನು ಮುಚ್ಚಿಡಬಹುದು ಎನ್ನುತ್ತಾರೆ. ಮಗನ ಸಾಕ್ಷ್ಯವು ತಾಯಿಯ ವಾದವನ್ನು ಬೀಳಿಸುವುದಿಲ್ಲ, ಆಕೆ ಬರೆಯದೆ ಬಿಟ್ಟ ಅಧ್ಯಾಯವನ್ನು ಅದಕ್ಕೆ ಸೇರಿಸುತ್ತದೆ ಎಂಬುದು ನನ್ನ ನಿಲುವು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಲು ನಿಮ್ಮ ಪತ್ರಿಕೆಯಲ್ಲಿ ಜಾಗ ಕೋರುತ್ತೇನೆ.

ಮಿಲ್ಲರ್ ಹುಟ್ಟಿದ್ದು 1923ರ ಜನವರಿ 12ರಂದು, ಪೋಲೆಂಡಿನ ಪಿಯೋತ್ರ್ಕೂಫ್ ಪಟ್ಟಣದ ಯಹೂದಿ ಮನೆತನದಲ್ಲಿ. ಆಗಿನ ಹೆಸರು ಅಲಿಸಿಯಾ ಎಂಗ್ಲಾರ್ಡ್. 1931ರಿಂದ 33ರವರೆಗೆ ಆ ಕುಟುಂಬ ಬರ್ಲಿನ್ನಿನಲ್ಲಿ ಇದ್ದುದರಿಂದ, ಮುಂದೆ ತನ್ನೆಲ್ಲ ಪುಸ್ತಕಗಳನ್ನು ಬರೆಯಲಿದ್ದ ಜರ್ಮನ್ ಭಾಷೆಯನ್ನು ಆ ಹುಡುಗಿ ಅಲ್ಲಿ ಕಲಿತಳು. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಎಲ್ಲರೂ ಊರಿಗೆ ಮರಳಿದರು. ಆದರೆ ನಾಜಿ ಆಕ್ರಮಿತ ಪೋಲೆಂಡಿನ ಮೊತ್ತಮೊದಲ ಗೆಟ್ಟೊ, ಅಂದರೆ ಯಹೂದಿಗಳನ್ನು ಕೂಡಿಹಾಕಿದ ಕೇರಿ, ತಲೆಯೆತ್ತಿದ್ದು ಅದೇ ಪಿಯೋತ್ರ್ಕೂಫಿನಲ್ಲಿ, 1939ರ ಅಕ್ಟೋಬರಿನಲ್ಲಿ. ಹದಿಹರೆಯ ದಾಟುವ ಮುನ್ನವೇ ಅಲಿಸಿಯಾ ಅಲ್ಲಿಂದ ತಪ್ಪಿಸಿಕೊಂಡು, ಪೋಲಿಷ್ ಕ್ರೈಸ್ತ ಹೆಸರಿನ ಸುಳ್ಳು ಗುರುತಿನ ಚೀಟಿಯೊಂದಿಗೆ ವಾರ್ಸಾ ಸೇರಿದಳು. ತಾಯಿಯನ್ನೂ ತಂಗಿಯನ್ನೂ ಗೆಟ್ಟೊದಿಂದ ಹೊರಗೆ ತಂದಳು. ತಂದೆಯನ್ನು ತರಲಾಗಲಿಲ್ಲ; ಅವರು 1941ರಲ್ಲಿ ಗೆಟ್ಟೊದಲ್ಲೇ ತೀರಿಕೊಂಡರು. ಬಾಯಿತಪ್ಪಿ ಬರುವ ಒಂದು ಮಾತು, ಒಂದು ಉಚ್ಚಾರ, ಪರಿಚಯದ ಒಂದು ಮುಖ ಎದುರಾದರೂ ಜೀವಕ್ಕೇ ಕುತ್ತು ಎಂಬಂಥ ಸ್ಥಿತಿಯಲ್ಲಿ ಆಕೆ ಯುದ್ಧ ಮುಗಿಯುವವರೆಗೆ ಬೇರೊಬ್ಬಳಾಗಿ ಬದುಕಿದಳು.

ಈ ಬದುಕಿನ ಬಗ್ಗೆ ಮಿಲ್ಲರ್ ತಮ್ಮ ಓದುಗರಿಗೆ ಹೆಚ್ಚೇನೂ ಹೇಳಲಿಲ್ಲ. ಮಗನಿಗೂ ಹೇಳಲಿಲ್ಲ. ಸಂದರ್ಶನ ಕೊಟ್ಟದ್ದು ವಿರಳ, ವೇದಿಕೆ ಏರಿದ್ದು ಅದಕ್ಕಿಂತ ವಿರಳ. ಏಕಾಂತವಾಸಿ ಎಂದ ಕೂಡಲೇ ನಮ್ಮ ಕಡೆ ಒಂದು ಬಗೆಯ ಭಕ್ತಿ ಹುಟ್ಟಿಬಿಡುತ್ತದೆ, ಗುಹೆ ಸೇರಿದವರೆಲ್ಲ ತಪಸ್ಸಿಗೇ ಕೂತಿದ್ದಾರೆ ಎಂದು ನಂಬುವ ಅಭ್ಯಾಸ ನಮ್ಮದು. ಮಿಲ್ಲರ್ ಅವರ ಏಕಾಂತವನ್ನು ಹಾಗೆ ಓದುವುದು ತಪ್ಪು. ಅಡಗಿ ಕೂತರೆ ಮಾತ್ರ ಉಳಿವು ಎಂಬ ಪಾಠವನ್ನು ಇಪ್ಪತ್ತು ತುಂಬುವ ಮೊದಲೇ ಕಲಿತ ವ್ಯಕ್ತಿ ಅಪಾಯ ಕಳೆದ ಮೇಲೂ ಅದನ್ನು ಮರೆಯಲಾರದೆ ಹೋದದ್ದರ ಗುರುತು ಅದರಲ್ಲಿದೆ.

1946ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ಅವರು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಬಂದರು. ತತ್ತ್ವಶಾಸ್ತ್ರ, ಮನಶ್ಶಾಸ್ತ್ರ, ಸಮಾಜಶಾಸ್ತ್ರ ಓದಿ 1953ರಲ್ಲಿ ಡಾಕ್ಟರೇಟ್ ಪಡೆದರು, ಪೋಲೆಂಡಿನವರೇ ಆದ ಕ್ಯಾಥೊಲಿಕ್ ಸಮಾಜಶಾಸ್ತ್ರಜ್ಞ ಆಂದ್ರೇಯಾಸ್ ಮಿಲ್ಲರ್ ಅವರನ್ನು ಮದುವೆಯಾದರು, ಇಬ್ಬರು ಮಕ್ಕಳಾದರು, 1973ರಲ್ಲಿ ವಿಚ್ಛೇದನವಾಯಿತು. ಸುಮಾರು ಇಪ್ಪತ್ತು ವರ್ಷ ಮನೋವಿಶ್ಲೇಷಕಿಯಾಗಿ ಕೆಲಸ ಮಾಡಿ, 1980ರ ಹೊತ್ತಿಗೆ ರೋಗಿಗಳನ್ನು ನೋಡುವುದನ್ನು ನಿಲ್ಲಿಸಿ ಬರವಣಿಗೆಗೆ ಕೂತರು. ನಡುವೆ ನಡೆದ ಒಂದು ಸಂಗತಿ ಮುಖ್ಯವಾದದ್ದು. ತರಬೇತಿಯ ಭಾಗವಾಗಿ ಎರಡು ಬಾರಿ ಮನೋವಿಶ್ಲೇಷಣೆಗೆ ಒಳಗಾದರೂ ಮೇಲೇಳದಿದ್ದ ಬಾಲ್ಯದ ನೋವು, 1973ರಲ್ಲಿ ತಮ್ಮ ಪಾಡಿಗೆ ತಾವು ಚಿತ್ರ ಬರೆಯತೊಡಗಿದಾಗ ಕಾಗದದ ಮೇಲೆ ತಾನಾಗಿ ಇಳಿಯಿತು ಎಂದು ಅವರು ಹೇಳಿದ್ದಾರೆ. ಯಾವ ಶಾಸ್ತ್ರವನ್ನು ಕಲಿತು ಕಲಿಸುತ್ತಿದ್ದರೋ ಅದರ ಮೇಲಿನ ನಂಬಿಕೆ ಅಲುಗಿದ್ದು ಅಲ್ಲಿಂದ.

1979ರಲ್ಲಿ ಬಂದ ಮೊದಲ ಪುಸ್ತಕ ‘ಪ್ರತಿಭಾವಂತ ಮಗುವಿನ ನಾಟಕ’ ಅವರನ್ನು ಪ್ರಸಿದ್ಧಿಗೆ ತಂದಿತು. ಹೆಸರು ನೋಡಿ ಕೊಂಡು, ತಮ್ಮ ಮಗುವನ್ನು ರ‍್ಯಾಂಕ್ ಬರಿಸುವ ಉಪಾಯ ಅದರಲ್ಲಿದೆ ಎಂದುಕೊಳ್ಳುವ ತಂದೆತಾಯಿಗಳು ಇಂದಿಗೂ ಇದ್ದಾರೆ. ಅಲ್ಲಿರುವ ಪ್ರತಿಭೆ ಗಣಿತದ್ದಲ್ಲ, ಸಂಗೀತದ್ದೂ ಅಲ್ಲ. ಅಮ್ಮನ ಮುಖದ ಒಂದು ಸುಕ್ಕಿನಿಂದಲೇ ಅವಳ ಮನಸ್ಸು ಇಂದು ಹೇಗಿದೆ ಎಂದು ಓದಬಲ್ಲ, ಅವಳು ಕುಸಿಯದಂತೆ ತನ್ನ ಅಳು, ಸಿಟ್ಟು, ಹಟಗಳನ್ನು ನುಂಗಿಕೊಳ್ಳಬಲ್ಲ ಮಗುವಿನ ಸೂಕ್ಷ್ಮತೆ ಅದು. ಅಂಥ ಮಗುವನ್ನು ಎಲ್ಲರೂ ಹೊಗಳುತ್ತಾರೆ. ಬೆಳೆದು ದೊಡ್ಡದಾಗಿ ಒಳ್ಳೆಯ ಕೆಲಸ, ಒಳ್ಳೆಯ ಹೆಸರು ಸಂಪಾದಿಸಿದ ಮೇಲೂ ತನಗೇನು ಬೇಕು ಎಂಬುದೇ ತಿಳಿಯದೆ ಅದು ಒಳಗೊಳಗೇ ಬರಿದಾಗಿರುತ್ತದೆ. ಇಂಥ ಮಕ್ಕಳೇ ಮುಂದೆ ಹೆಚ್ಚಾಗಿ ಮನೋಚಿಕಿತ್ಸಕರಾಗುತ್ತಾರೆ ಎಂದು ಮಿಲ್ಲರ್ ಬರೆದಾಗ ಅವರ ಸಹೋದ್ಯೋಗಿಗಳಿಗೆ ಎಷ್ಟು ಇರುಸುಮುರುಸಾಗಿರಬೇಕು ಎಂದು ಊಹಿಸಬಲ್ಲೆ. ಈ ವೃತ್ತಿಯಲ್ಲಿರುವ ನನಗೂ ಆ ಪುಟ ಸುಲಭವಾಗಿ ಗಂಟಲಲ್ಲಿ ಇಳಿಯಲಿಲ್ಲ.

ನನ್ನ ಮಟ್ಟಿಗೆ ಅವರ ನಿಜವಾದ ದೊಡ್ಡ ಕೃತಿ 1980ರಲ್ಲಿ ಬಂದ ಎರಡನೆಯದು. ಇಂಗ್ಲಿಷಿಗೆ ಅದು ‘ನಿನ್ನ ಒಳ್ಳೆಯದಕ್ಕೇ’ ಎಂಬರ್ಥದ ಹೆಸರಿನಲ್ಲಿ ಬಂತು. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದ ಶಿಶುಪಾಲನೆಯ ಕೈಪಿಡಿಗಳಿಂದ ಅದರ ಮೊದಲ ಭಾಗದಲ್ಲಿ ಪುಟಗಟ್ಟಲೆ ಉದ್ಧರಣೆಗಳಿವೆ. ‘ಕರಾಳ ಶಿಕ್ಷಣ’ ಎಂಬ ಹೆಸರಿನಲ್ಲಿ ಕಟರೀನಾ ರುಟ್ಷ್ಕಿ 1977ರಲ್ಲೇ ಅವನ್ನು ಸಂಗ್ರಹಿಸಿ ಪ್ರಕಟಿಸಿದ್ದರು. ಮಿಲ್ಲರ್ ಆ ಋಣವನ್ನು ಒಪ್ಪಿಕೊಂಡೇ ಮುಂದುವರಿಯುತ್ತಾರೆ. ಅಂಥ ಕೈಪಿಡಿಕಾರರಲ್ಲಿ ಒಬ್ಬರಾದ ಯೊಹಾನ್ ಗಿಯೋರ್ಗ್ ಸುಲ್ಟ್ಸರ್ 1748ರಲ್ಲಿ ಕೊಡುವ ಸಲಹೆ ನೋಡಿ: ಮೊದಲ ವರ್ಷಗಳಲ್ಲಿ ಬಲಪ್ರಯೋಗ ಮಾಡುವುದರ ಅನುಕೂಲವೆಂದರೆ ಮುಂದೆ ಮಕ್ಕಳಿಗೆ ಅದು ನೆನಪಿರುವುದಿಲ್ಲ, ಆಗಲೇ ಅವರ ಹಟವನ್ನು ಮುರಿದುಬಿಟ್ಟರೆ ತಮಗೊಂದು ಇಚ್ಛೆ ಇತ್ತೆಂಬುದೂ ಅವರಿಗೆ ಮರೆತುಹೋಗುತ್ತದೆ. ಲೈಪ್‌ಜಿಗ್‌ನ ವೈದ್ಯ ಮೊರಿಟ್ಸ್ ಶ್ರೇಬರ್ 1858ರಲ್ಲಿ ಹೇಳುವುದು ಇನ್ನೂ ಚಿಕ್ಕ ಮಗುವಿನ ಬಗ್ಗೆ. ಹಸಿವಿಲ್ಲ, ನೋವಿಲ್ಲ ಎಂದು ಖಾತ್ರಿಯಾದ ಮೇಲೂ ಕೂಸು ಅಳುತ್ತಿದ್ದರೆ ಮೊದಲು ಗದರಿಸಬೇಕು, ತೊಟ್ಟಿಲನ್ನೋ ಹಾಸಿಗೆಯನ್ನೋ ಬಡಿದು ಹೆದರಿಸಬೇಕು. ಆಗಲೂ ನಿಲ್ಲದಿದ್ದರೆ ಅದು ಸುಮ್ಮನಾಗುವವರೆಗೆ, ನಿದ್ದೆ ಹೋಗುವವರೆಗೆ, ಮೆಲ್ಲಗೆ ಆದರೆ ಬಿಡದೆ ಪೆಟ್ಟು ಕೊಡಬೇಕು. ಒಂದೆರಡು ಸಲ ಹೀಗೆ ಮಾಡಿದರೆ ಸಾಕು, ಆಮೇಲೆ ಒಂದು ನೋಟಕ್ಕೇ ಕೂಸು ಹತೋಟಿಗೆ ಬರುತ್ತದೆ, ನೀವು ಅದರ ಶಾಶ್ವತ ಯಜಮಾನರಾಗುತ್ತೀರಿ ಎಂಬುದು ಅವರ ಭರವಸೆ. ಮಕ್ಕಳ ಬೆನ್ನು ಬಾಗದಂತೆ ಮೈಗೆ ಬಿಗಿಯುವ ಪಟ್ಟಿ, ಸರಳುಗಳನ್ನೂ ಇದೇ ವೈದ್ಯರು ರೂಪಿಸಿದ್ದರು. ಅವರ ಮಗ ನ್ಯಾಯಾಧೀಶರಾಗಿ, ನಡುವಯಸ್ಸಿನಲ್ಲಿ ತೀವ್ರ ಮನೋರೋಗಕ್ಕೆ ತುತ್ತಾದರು. ಆ ಮಗನ ಆತ್ಮಕಥನದ ಮೇಲೆ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ 1911ರಲ್ಲಿ ದೀರ್ಘ ಪ್ರಬಂಧ ಬರೆದರೂ ತಂದೆಯ ಪಟ್ಟಿ, ಸರಳುಗಳ ಕಡೆ ಕಣ್ಣು ಹಾಯಿಸಲಿಲ್ಲ.

ಮಿಲ್ಲರ್ ಅವರ ವಾದ ಸರಳ. ಪೆಟ್ಟು ತಿಂದ ಮಗುವಿಗೆ ಅಳಲು, ಸಿಟ್ಟಾಗಲು, ‘ನನಗೆ ಅನ್ಯಾಯವಾಯಿತು’ ಎನ್ನಲು ಅವಕಾಶವಿದ್ದರೆ ಗಾಯ ಮಾಯುತ್ತದೆ. ಪೆಟ್ಟು ಕೊಟ್ಟವರೇ ‘ಇದೆಲ್ಲ ನಿನ್ನ ಒಳ್ಳೆಯದಕ್ಕೆ’ ಎಂದಾಗ ಆ ದಾರಿ ಮುಚ್ಚಿಹೋಗುತ್ತದೆ. ಮಗು ಹೊಡೆದವರನ್ನು ಪ್ರೀತಿಸುತ್ತಲೇ, ಹೊಡೆಸಿಕೊಂಡ ತನ್ನನ್ನು ದ್ವೇಷಿಸಲು ಕಲಿಯುತ್ತದೆ. ನುಂಗಿದ ಸಿಟ್ಟು ಮುಂದೆ ತನ್ನ ಮೇಲೋ, ತನ್ನ ಮಕ್ಕಳ ಮೇಲೋ, ಸಮಾಜ ತೋರಿಸಿಕೊಟ್ಟ ಯಾವುದೋ ಶತ್ರುವಿನ ಮೇಲೋ ತಿರುಗುತ್ತದೆ.

ಇದು ಜರ್ಮನ್ನರ ಕತೆ, ನಮಗೇಕೆ ಎನ್ನುವವರು ನಮ್ಮ ಕಾಲೇಜಿನ ಆಪ್ತಸಮಾಲೋಚನೆಯ ಕೋಣೆಯಲ್ಲಿ ಒಂದು ದಿನ ಕೂತು ಕೇಳಬೇಕು. ‘ಅಪ್ಪ ಬೆಲ್ಟಿನಲ್ಲಿ ಬಾರಿಸದಿದ್ದರೆ ನಾನು ಹಾಳಾಗಿ ಹೋಗ್ತಿದ್ದೆ ಮೇಡಂ’ ಎಂಬ ಮಾತು ಅಲ್ಲಿ ಎಷ್ಟು ಸಲೀಸಾಗಿ ಬರುತ್ತದೆ! ಅದನ್ನು ಹೇಳುವ ಹುಡುಗ ನಿದ್ದೆ ಬರುವುದಿಲ್ಲವೆಂದು ಬಂದಿರುತ್ತಾನೆ, ಪರೀಕ್ಷೆಯ ಹಾಲ್‌ನಲ್ಲಿ ಕೈ ನಡುಗುತ್ತದೆಂದು ಬಂದಿರುತ್ತಾನೆ. ಎರಡಕ್ಕೂ ಏನಾದರೂ ಸಂಬಂಧವಿರಬಹುದೇ ಎಂದು ಕೇಳಿದರೆ ಅಪ್ಪನನ್ನು ಬೈದೆ ಎಂಬಂತೆ ನನ್ನ ಮುಖ ನೋಡುತ್ತಾನೆ. ಐದು ವರ್ಷ ಮುದ್ದಿಸು, ಹತ್ತು ವರ್ಷ ದಂಡಿಸು, ಹದಿನಾರು ತುಂಬಿದ ಮಗನನ್ನು ಮಿತ್ರನಂತೆ ಕಾಣು ಎಂಬ ಸಂಸ್ಕೃತ ಶ್ಲೋಕ ನಮ್ಮ ಹಿರಿಯರ ನಾಲಿಗೆಯ ತುದಿಯಲ್ಲೇ ಇತ್ತು. ಉತ್ತರ ಕರ್ನಾಟಕದ ಶಾಲೆಗಳಲ್ಲಿ ‘ಛಡಿ ಛಂ ಛಂ, ವಿದ್ಯಾ ಘಂ ಘಂ’ ಎನ್ನುವುದು ಲಾಲಿಹಾಡಿನಷ್ಟೇ ಸಹಜವಾಗಿತ್ತು. ಇಲ್ಲೊಂದು ವ್ಯತ್ಯಾಸವನ್ನೂ ಗಮನಿಸಬೇಕು. ನಮ್ಮ ಕೂಸು ಮೊದಲ ವರ್ಷಗಳಲ್ಲಿ ಅಮ್ಮ, ಅಜ್ಜಿ, ಚಿಕ್ಕಮ್ಮಂದಿರ ಮಡಿಲಿನಿಂದ ಮಡಿಲಿಗೆ ಸಾಗುತ್ತ ಬೆಳೆಯುತ್ತದೆ. ಶ್ರೇಬರ್ ವೈದ್ಯರ ತೊಟ್ಟಿಲು ನಮ್ಮ ತೊಟ್ಟಿಲಲ್ಲ. ಆದರೆ ಆ ಮಡಿಲಿನಿಂದ ಗಂಡುಮಗುವನ್ನು ಏಕಾಏಕಿ ಶಿಸ್ತಿನ ಲೋಕಕ್ಕೆ ತಳ್ಳುವುದು ಎಂಥ ಆಘಾತ ಎಂಬುದನ್ನು ನಮ್ಮವರೇ ಆದ ಮನೋವಿಶ್ಲೇಷಕ ಸುಧೀರ್ ಕಕ್ಕರ್ ಅವರು, ಮಿಲ್ಲರ್ ಅವರ ಮೊದಲ ಪುಸ್ತಕಕ್ಕಿಂತ ಒಂದು ವರ್ಷ ಮುಂಚೆಯೇ, ಭಾರತೀಯ ಬಾಲ್ಯದ ಕುರಿತ ತಮ್ಮ ಅಧ್ಯಯನದಲ್ಲಿ ಬರೆದಿದ್ದರು. ಮಿಲ್ಲರ್ ಅವರನ್ನು ಇಲ್ಲಿ ಓದುವವರು ಕಕ್ಕರ್ ಅವರನ್ನು ಪಕ್ಕದಲ್ಲಿಟ್ಟುಕೊಂಡು ಓದುವುದು ಲೇಸು.

ಎಲ್ಲರೂ ಪೆಟ್ಟು ತಿಂದೇ ಬೆಳೆದವರು, ಎಲ್ಲರೂ ಕೊಲೆಗಡುಕರಾದರೇ ಎಂಬುದು ಈ ವಾದಕ್ಕೆ ಎದುರಾಗುವ ಮೊದಲ ಪ್ರಶ್ನೆ. ಅದಕ್ಕೆ ಮಿಲ್ಲರ್ ಕೊಟ್ಟ ಉತ್ತರವೇ ಅವರ ಅತ್ಯಂತ ಉಪಯುಕ್ತ ಕೊಡುಗೆ ಎಂದು ನಾನು ತಿಳಿದಿದ್ದೇನೆ. ಮಗುವಿನ ಸುತ್ತ ಒಬ್ಬರಾದರೂ, ಅಜ್ಜಿಯೋ ಮೇಷ್ಟ್ರೋ ನೆರೆಮನೆಯಾಕೆಯೋ, ಅದರ ನೋವನ್ನು ಕಂಡು ಇದು ಸರಿಯಲ್ಲ ಎಂದು ಅದಕ್ಕೆ ತಿಳಿಯುವಂತೆ ನಡೆದುಕೊಂಡಿದ್ದರೆ ಆ ಮಗು ಉಳಿಯುತ್ತದೆ. ಅಂಥವರನ್ನು ಅವರು ನೆರವಿನ ಸಾಕ್ಷಿ ಎಂದು ಕರೆದರು. ದೊಡ್ಡವರಾದ ಮೇಲೆ ಆ ಕೆಲಸ ಮಾಡಬಲ್ಲ ಚಿಕಿತ್ಸಕ, ವಕೀಲ, ಶಿಕ್ಷಕರನ್ನು ಅರಿವುಳ್ಳ ಸಾಕ್ಷಿ ಎಂದರು. ಅನಾಥಾಲಯದ ತನ್ನ ಮಕ್ಕಳ ಜೊತೆ 1942ರಲ್ಲಿ ವಾರ್ಸಾದಿಂದ ಟ್ರೆಬ್ಲಿಂಕಾ ಮರಣಶಿಬಿರಕ್ಕೆ ಹೋದ ವೈದ್ಯ ಯಾನುಷ್ ಕೊರ್ಚಾಕ್ ಅವರ ಹೆಸರಿನ ಪ್ರಶಸ್ತಿ 1986ರಲ್ಲಿ ಮಿಲ್ಲರ್ ಅವರಿಗೆ ಸಂದಿತು. 1942ರಲ್ಲಿ ಅದೇ ವಾರ್ಸಾದಲ್ಲಿ ಸುಳ್ಳು ಹೆಸರಿನಡಿ ಅಡಗಿದ್ದ ಯುವತಿ ಈಕೆಯೇ ಎಂಬುದು ಆ ಪ್ರಶಸ್ತಿಯನ್ನು ಮೆಚ್ಚಿದ ಓದುಗರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ!

1985ರಲ್ಲಿ ಅವರು ದಕ್ಷಿಣ ಫ್ರಾನ್ಸಿನ ಸೇಂಟ್ ರೆಮಿ ದ ಪ್ರೊವಾನ್ಸ್‌ಗೆ ಹೋಗಿ ನೆಲೆಸಿದರು. 1988ರಲ್ಲಿ ಸ್ವಿಸ್ ಹಾಗೂ ಅಂತರರಾಷ್ಟ್ರೀಯ ಮನೋವಿಶ್ಲೇಷಣಾ ಸಂಘಗಳಿಂದ ಹೊರಬಂದರು. ಮಕ್ಕಳ ಮೇಲೆ ನಿಜವಾಗಿ ನಡೆದ ಅನ್ಯಾಯವನ್ನು ಫ್ರಾಯ್ಡ್ 1897ರಲ್ಲಿ ಮಕ್ಕಳ ಕಲ್ಪನೆ ಎಂದು ತಿರುಗಿಸಿಬಿಟ್ಟರು, ಅಂದಿನಿಂದ ಈ ಶಾಸ್ತ್ರವೇ ಜಾಣಗುರುಡಾಯಿತು ಎಂಬುದು ಅವರ ಆರೋಪ. ಸಂಘವನ್ನು ಬಿಟ್ಟವರಿಗೆ ತಪ್ಪನ್ನು ತೋರಿಸಿಕೊಡುವ ಸಹೋದ್ಯೋಗಿಗಳೂ ಇಲ್ಲವಾಗುತ್ತಾರೆ. ಕೊನ್ರಾಡ್ ಸ್ಟೆಟ್‌ಬಾಕರ್ ಎಂಬವರ ಚಿಕಿತ್ಸಾ ಪದ್ಧತಿಯನ್ನು ಅವರು ತಮ್ಮ ಪುಸ್ತಕಗಳಲ್ಲೇ ಶಿಫಾರಸು ಮಾಡಿ, ಕೆಲವೇ ವರ್ಷಗಳಲ್ಲಿ ಅದರಿಂದ ಬಹಿರಂಗವಾಗಿ ದೂರ ಸರಿಯಬೇಕಾಯಿತು. ಕೊನೆಯ ವರ್ಷಗಳಲ್ಲಿ ಜಾಲತಾಣದ ಮೂಲಕ ಓದುಗರ ಪತ್ರಗಳಿಗೆ ಉತ್ತರಿಸುತ್ತಿದ್ದರು. ಮುಖ ತೋರದ ಆ ಲೇಖಕಿಗೆ, ಹೆತ್ತವರಿಗೂ ಹೇಳದ ಸಂಗತಿಗಳನ್ನು ನಾನಾ ದೇಶಗಳ ಜನ ಬರೆದು ಕಳಿಸುತ್ತಿದ್ದರು. 2010ರ ಏಪ್ರಿಲ್ 14ರಂದು, 87ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಮೂರು ವರ್ಷಗಳ ಬಳಿಕ ಮಾರ್ಟಿನ್ ಬರೆದರು. 1950ರಲ್ಲಿ ಹುಟ್ಟಿದ ಅವರನ್ನು ಹಸುಗೂಸಾಗಿದ್ದಾಗಲೇ ಬೇರೆಯವರ ಕೈಗೆ ಒಪ್ಪಿಸಲಾಗಿತ್ತು. ಡೌನ್ ಸಿಂಡ್ರೋಮ್ ಇದ್ದ ತಂಗಿ ಹುಟ್ಟಿದ ಮೇಲೆ ಮಕ್ಕಳ ಆಶ್ರಮವೊಂದಕ್ಕೆ ಸೇರಿಸಲಾಯಿತು. ಮನೆಯಲ್ಲಿ ತಂದೆ ಹೊಡೆಯುತ್ತಿದ್ದರು, ತಾಯಿ ತಡೆಯುತ್ತಿರಲಿಲ್ಲ. ತಂದೆತಾಯಿ ತಮ್ಮತಮ್ಮಲ್ಲಿ ಆಡುತ್ತಿದ್ದುದು ಪೋಲಿಷ್. ಆ ಭಾಷೆಯನ್ನು ಮಗನಿಗೆ ಕಲಿಸಲಿಲ್ಲ. ಊಟದ ಮೇಜಿನಲ್ಲಿ ಹೆತ್ತವರ ಮಾತು ತನಗೆ ಅರ್ಥವಾಗದೆ ಕೂತಿರುವ ಹುಡುಗನನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ದೊಡ್ಡವನಾದ ಮೇಲೂ ತಾಯಿ ಬಿಡಲಿಲ್ಲ. ಸ್ಟೆಟ್‌ಬಾಕರ್ ಪದ್ಧತಿಯ ಚಿಕಿತ್ಸೆಗೆ ಹೋಗುವಂತೆ ಒತ್ತಾಯಿಸಿದರು, ಅಲ್ಲಿ ತಾನು ಆಡಿದ ಮಾತುಗಳ ಧ್ವನಿಮುದ್ರಿಕೆ ತಾಯಿಯ ಕೈ ಸೇರುತ್ತಿತ್ತು ಎಂದು ಮಗ ಬರೆಯುತ್ತಾರೆ. ತಾಯಿಯ ಯುದ್ಧಕಾಲದ ಕತೆಯನ್ನು ಅವರು ಸರಿಯಾಗಿ ಕೇಳಿದ್ದು ತಾಯಿ ಸತ್ತ ಮೇಲೆ, ಅಮೆರಿಕದಲ್ಲಿದ್ದ ಬಂಧುಗಳ ಬಾಯಲ್ಲಿ.

ಓದಿದರೆ ಸಿಟ್ಟು ಬರುತ್ತದೆ, ಬರಬೇಕು ಕೂಡ. ಆದರೆ ಈ ಪುಸ್ತಕ ಬರೆಯುವ ಹೊತ್ತಿಗೆ ಮಾರ್ಟಿನ್ ಸ್ವತಃ ಮನೋಚಿಕಿತ್ಸಕರಾಗಿದ್ದರು; ತಾಯಿಯ ಸಿದ್ಧಾಂತವನ್ನು ಅವರು ಸುಳ್ಳೆನ್ನುವುದಿಲ್ಲ. ತನ್ನ ಬಾಲ್ಯವನ್ನು ಅರ್ಥಮಾಡಿಕೊಳ್ಳಲು ಅವರು ಬಳಸಿದ್ದೂ ತಾಯಿ ಮಾಡಿಕೊಟ್ಟ ಉಪಕರಣಗಳನ್ನೇ. ತಾಯಿ ತನ್ನ ವಿಷಯಕ್ಕೆ ಬಂದಾಗ ಅವನ್ನು ಬಳಸಲಿಲ್ಲ ಎಂಬುದು ಅವರ ದೂರು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಮಿಲ್ಲರ್ ಅವರ ಬರವಣಿಗೆಯ ದೊಡ್ಡ ಕೊರತೆ ಅವರ ಬದುಕಿನ ಇದೇ ಮುಚ್ಚಿಟ್ಟ ಜಾಗದಿಂದಲೇ ಹುಟ್ಟಿದ್ದು. ಅವರ ಪುಸ್ತಕಗಳಲ್ಲಿ ಎಲ್ಲ ಕೇಡಿನ ಬೇರೂ ತಾಯಿತಂದೆಯರಲ್ಲಿ ಇರುತ್ತದೆ. ಯುದ್ಧ, ಹಸಿವು, ಬಡತನ, ಜನಾಂಗದ್ವೇಷಗಳು ಮನೆಯ ಬಾಗಿಲ ಹೊರಗೇ ನಿಂತಿರುತ್ತವೆ. ಹಿಟ್ಲರನ ತಂದೆ ಆಲೊಯಿಸ್ ಮಗನನ್ನು ಬಡಿಯುತ್ತಿದ್ದುದರಿಂದ ನಾಜಿ ಕ್ರೌರ್ಯಕ್ಕೆ ಅವರು ಎಳೆಯುವ ಗೆರೆ ತೀರಾ ನೇರವಾಯಿತು. ಒಬ್ಬ ಸರ್ವಾಧಿಕಾರಿಯ ಬಾಲ್ಯ ಗೊತ್ತಾದರೆ ಒಂದು ಸಾಮ್ರಾಜ್ಯ, ಒಂದು ಆರ್ಥಿಕ ಕುಸಿತ, ಕೋಟ್ಯಂತರ ಮತದಾರರ ಲೆಕ್ಕ ಅರ್ಥವಾದಂತಲ್ಲ. ನಾಲ್ಕು ಹುಡುಗರನ್ನು ಕೊಂದ ಯೂರ್ಗೆನ್ ಬಾರ್ಟ್ಷ್‌ನ ಬಾಲ್ಯದ ಬಗ್ಗೆ 1980ರ ಆ ಎರಡನೆಯ ಪುಸ್ತಕದಲ್ಲಿ ಬರೆಯುವಾಗ ಅವರ ವಿಧಾನ ಬೆಳಕು ಚೆಲ್ಲುತ್ತದೆ, ಯಾಕೆಂದರೆ ಅಲ್ಲಿರುವುದು ಒಬ್ಬ ವ್ಯಕ್ತಿ, ಒಂದು ಮನೆ, ಬೀಗ ಹಾಕಿದ ಒಂದು ನೆಲಮಾಳಿಗೆ. ಗೆಟ್ಟೊ ಕಂಡು ಬಂದವರೇ ಚರಿತ್ರೆಯನ್ನು ಇಷ್ಟು ಸಣ್ಣದಾಗಿ ಮಡಿಚಿಟ್ಟದ್ದು ವಿಚಿತ್ರ ಎನ್ನಿಸಬಹುದು. ಗೆಟ್ಟೊವನ್ನು ಬಾಯಿಬಿಟ್ಟು ಹೇಳಲಾರದವರಿಗೆ ಬೇರೆ ದಾರಿ ಇರಲಿಲ್ಲವೇನೋ ಎಂದು ನನಗನ್ನಿಸುತ್ತದೆ.

2004ರಲ್ಲಿ ಬಂದ ‘ದೇಹದ ಬಂಡಾಯ’ ನಮ್ಮ ಓದುಗರಿಗೆ ಎಲ್ಲಕ್ಕಿಂತ ಕಠಿಣವಾಗಿ ತೋರುವ ಪುಸ್ತಕ. ತಂದೆತಾಯಿಯರನ್ನು ಗೌರವಿಸು ಎಂಬ ಬೈಬಲ್ಲಿನ ಕಟ್ಟಳೆಗೆ ಮಣಿದು ಇಲ್ಲದ ಪ್ರೀತಿಯನ್ನು ನಟಿಸಿದವರ ಮೈ ಕಾಯಿಲೆಯ ಮೂಲಕ ನಿಜ ನುಡಿಯುತ್ತದೆ, ಹೆತ್ತವರನ್ನು ಕ್ಷಮಿಸಿದರೆ ಗುಣವಾಗುತ್ತದೆ ಎನ್ನುವ ಚಿಕಿತ್ಸಕರು ರೋಗಿಗೆ ದ್ರೋಹ ಮಾಡುತ್ತಾರೆ ಎಂದು ಅಲ್ಲಿ ವಾದಿಸುತ್ತಾರೆ. ವರ್ಜೀನಿಯಾ ವುಲ್ಫ್, ಪ್ರೂಸ್ಟ್ ಮೊದಲಾದ ಲೇಖಕರ ಕಾಯಿಲೆಗಳಿಗೆ ಅವರು ಕೊಡುವ ವಿವರಣೆ ನನಗೆ ಒಪ್ಪಿಗೆಯಾಗುವುದಿಲ್ಲ. ಸತ್ತವರ ಮೈಯ ಬಗ್ಗೆ ಅಷ್ಟು ಖಚಿತವಾಗಿ ಮಾತಾಡಬಾರದು. ಕ್ಷಮೆಯ ಬಗ್ಗೆ ಹೇಳಿದ ಮಾತನ್ನು ಮಾತ್ರ ತಳ್ಳಿಹಾಕಲಾರೆ. ‘ಮಾತೃದೇವೋ ಭವ, ಪಿತೃದೇವೋ ಭವ’ ಎಂದು ಕಲಿತ ನಾಡಿನಲ್ಲಿ, ಮನೆಯವರಿಂದಲೇ ನೊಂದ ಹುಡುಗಿಗೆ ನಾಲ್ಕು ಜನ ಸೇರಿ ‘ಎಷ್ಟಾದರೂ ಹೆತ್ತವರಲ್ಲವೇ, ಬಿಟ್ಟುಬಿಡು’ ಎನ್ನುವಾಗ ಆಕೆಯ ಮುಖ ಹೇಗೆ ಕಲ್ಲಾಗುತ್ತದೆ ಎಂಬುದನ್ನು ಕಂಡವರಿಗೆ ಮಿಲ್ಲರ್ ಅವರ ಸಿಟ್ಟು ಅತಿರೇಕ ಎನ್ನಿಸದು.

ಅವರ ಪ್ರಭಾವವನ್ನೂ ಅಳತೆಗೆ ಮೀರಿ ಹೇಳಬೇಕಾಗಿಲ್ಲ. ಮಕ್ಕಳನ್ನು ಹೊಡೆಯುವುದನ್ನು ಮನೆಯಲ್ಲೂ ನಿಷೇಧಿಸಿದ ಮೊದಲ ದೇಶ ಸ್ವೀಡನ್ ಆ ಕಾನೂನು ತಂದದ್ದು 1979ರಲ್ಲಿ. ಆಗಿನ್ನೂ ಮಿಲ್ಲರ್ ಅವರ ಮೊದಲ ಪುಸ್ತಕ ಅಚ್ಚಿನ ಮನೆಯಿಂದ ಆಗಷ್ಟೇ ಹೊರಬರುತ್ತಿತ್ತು. ಜರ್ಮನಿಯಲ್ಲಿ ಹಿಂಸೆಯಿಲ್ಲದ ಪಾಲನೆ ಮಗುವಿನ ಹಕ್ಕೆಂದು 2000ದಲ್ಲಿ ಕಾನೂನಾದದ್ದರ ಹಿಂದೆ ಹಲವರ ದುಡಿಮೆಯಿದೆ, ಅದರಲ್ಲಿ ಅವರ ಪಾಲೂ ಇದೆ ಎಂದರೆ ಸಾಕು. ನಮ್ಮಲ್ಲಿ ಶಾಲೆಯಲ್ಲಿ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು ನಿಷೇಧಿಸಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು, ಮಿಲ್ಲರ್ ಸಾಯುವ ಎರಡು ವಾರ ಮೊದಲು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲೆಗೆ ಹೋಗುವ ಮಕ್ಕಳಲ್ಲಿ ಶೇ 65ರಷ್ಟು ಮಂದಿ ಅಲ್ಲಿ ಪೆಟ್ಟು ತಿಂದುದಾಗಿ ಹೇಳಿದ್ದರು. ಮನೆಯ ಮಾತೇ ಬೇರೆ. ಹನ್ನೆರಡು ವರ್ಷದೊಳಗಿನ ಮಗುವಿನ ಒಳಿತಿಗಾಗಿ ಪೋಷಕರು ಸದ್ಭಾವನೆಯಿಂದ ಮಾಡಿದ ಕೃತ್ಯಕ್ಕೆ ರಕ್ಷಣೆ ಕೊಡುತ್ತಿದ್ದ ಹಳೆಯ ದಂಡಸಂಹಿತೆಯ 89ನೇ ಕಲಮಿನ ಸಾರ ಭಾರತೀಯ ನ್ಯಾಯ ಸಂಹಿತೆಯಲ್ಲೂ ಉಳಿದುಕೊಂಡಿದೆ. ಮಿಲ್ಲರ್ ಅವರ ಎರಡನೆಯ ಪುಸ್ತಕ ಪ್ರಶ್ನಿಸಿದ್ದು ಇದೇ ಒಳಿತಿನ ಮಾತನ್ನು.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೆ. ಮುಂದೆ ಆಲಿಸ್ ಮಿಲ್ಲರ್ ಅವರ ಬಗ್ಗೆ ನಿಮ್ಮ ಪುರವಣಿಯಲ್ಲಿ ಬರೆಸುವುದಾದರೆ ಅವರ ನಾಲ್ಕು ಸುಭಾಷಿತಗಳನ್ನು ಆರಿಸಿ ಚೌಕಟ್ಟಿನೊಳಗೆ ಹಾಕುವುದು ಬೇಡ, ಮಗನ ಪುಸ್ತಕದಿಂದ ಎರಡು ಕಹಿ ಪ್ರಸಂಗ ಹೆಕ್ಕಿ ಆಕೆಯನ್ನು ಅಳಿಸಿಹಾಕುವುದೂ ಬೇಡ. ಪಿಯೋತ್ರ್ಕೂಫ್, ವಾರ್ಸಾಗಳಿಂದ ಶುರುಮಾಡಿ ಬರೆಸಿ. ಅವರ ಕೃತಿಗಳನ್ನು ಕನ್ನಡಕ್ಕೆ ತರಲು ಮುಂದಾಗುವ ಅನುವಾದಕರು, ಪ್ರಕಾಶಕರು ಯಾರಾದರೂ ಇದ್ದರೆ, 1980ರ ಆ ಎರಡನೆಯ ಪುಸ್ತಕದಿಂದ ಆರಂಭಿಸಲಿ, ಮಾರ್ಟಿನ್ ಅವರ ಪುಸ್ತಕದ ಹಕ್ಕನ್ನೂ ಅದರ ಜೊತೆಗೇ ಕೇಳಲಿ ಎಂಬುದು ನನ್ನ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಕಾಲೇಜೊಂದರ ಆಪ್ತಸಮಾಲೋಚಕಿ
ಧಾರವಾಡ